ಮದ್ದಿಲ್ಲದ ಸಾಲು

೧೧ ಮಾರ್ಚ್ ೨೦೨೫, ಮಂಗಳವಾರ

ಮರುಳಸಿದ್ದಯ್ಯ ನನ್ನ ಪಿಎಚ್‌ಡಿಗೆ ಕಲ್ಲು ಹಾಕಿದ. ಹಂದನಕೆರೆಯ ಅವನ ತೋಟದಲ್ಲಿ ಕಾಂಡದಿಂದ ರಸ ಸೋರುವ ರೋಗ ಹತ್ತಿದ ತೆಂಗಿನ ಮರಗಳು ಎರಡು ಸಾಲು. ಒಂದಕ್ಕೆ ನನ್ನ ಮದ್ದು. ಹೋಲಿಸಿ ನೋಡಲು ಇನ್ನೊಂದಕ್ಕೆ ಏನೂ ಇಲ್ಲ. ಅದಕ್ಕೆ ಯಾವಾಗ ಹಚ್ಚುತ್ತೀರಿ ಎಂದು ಅವನು ಕೇಳಿದಾಗಲೆಲ್ಲ "ಮುಂದಿನ ತಿಂಗಳು" ಎನ್ನುತ್ತಿದ್ದೆ.

ಇವತ್ತು ನೋಡಿದರೆ ಮದ್ದಿಲ್ಲದ ಸಾಲಿನ ಒಂದು ಮರ ಚೇತರಿಸಿಕೊಂಡಿದೆ! ಉಳಿದ ಮದ್ದನ್ನು ಕದ್ದು ಬಳಿದಿದ್ದಾನೆ.

"ಮಗಳ್ನ ಮಣ್ಣು ಮಾಡಿದ್ ಜಾಗ್ದಲ್ಲಿ ನೆಟ್ಟಿದ್ ಮರ ಕಣ್ರೀ ಮೇಡಂ. ಇದೊಂದು ಸಾಯೋದ್ನ ನೋಡಕ್ಕಾಗ್ಲಿಲ್ಲ."

ಚೆನ್ನಾಗಿ ಬೈದೆ. ತಪ್ಪಾಯ್ತು ಅಂದ, ಎಳನೀರು ಕೆತ್ತಿಕೊಟ್ಟ. ಕುಡಿದೆ, ಸಿಹಿಯಾಗಿತ್ತು. ಆ ಮರವನ್ನು ಲೆಕ್ಕದಿಂದ ಕೈಬಿಟ್ಟಿದ್ದೇನೆ. ಮಿಕ್ಕವು ಸದ್ಯ ಸರಿಯಾಗಿ ಸಾಯುತ್ತಿವೆ.

ಹೊರಡುವಾಗ ಮತ್ತೆ ಕೇಳಿದ, "ಮಿಕ್ಕಿದ್ದಕ್ಕೂ ಹಚ್ತೀರಲ್ವಾ?"

ಹೂಂ ಅಂದೆ. ಸತ್ತ ಮೇಲೆ ಹಚ್ಚಿದರೆ ಅಂಕಿಅಂಶ ಕೆಡುವುದಿಲ್ಲ.