ಆರನೇ ನಂಬರಿನ ಹೆಬ್ಬಾತು

ಕೂಳೂರು, ಮಂಗಳೂರು
20-2-2025

ಪ್ರೀತಿಯ ಜೆರೋಮ್,

ಹೇಗಿದ್ದೀ? ಆರೋಗ್ಯ ವಿಚಾರಿಸದೆ ಪತ್ರ ಶುರುಮಾಡಬಾರದೆಂದು ಮೂವತ್ತೊಂದು ವರ್ಷ ಶಾಲೆಯ ಮಕ್ಕಳಿಗೆ ಕಲಿಸಿದವಳು ನಾನು, ಅದಕ್ಕೇ ಕೇಳಿದೆ. ಉತ್ತರ ಬೇಕಾಗಿಲ್ಲ. ವಾಟ್ಸಾಪಿನಲ್ಲಿ ಬ್ಲಾಕ್ ಮಾಡಿದರೆ ಅಕ್ಕನ ಬಾಯಿ ಮುಚ್ಚುತ್ತದೆ ಅಂದುಕೊಂಡೆಯಲ್ಲ, ನಾಳೆ ನಿನ್ನ ದುಬೈಗೇ ಹೊರಟಿರುವ, ನನ್ನ ಗೆಳತಿ ಡೈಸಿಯ ಮಗ ಡಿಯೋನ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಕೊಂಕಣಿಯಲ್ಲಿ ಬೈದರೆ ನಿನಗೆ ಮುದ್ದು ಮಾಡಿದ ಹಾಗೆ ಕೇಳಿಸುತ್ತದೆ. ಅಮ್ಮ ಹಾಗೆ ಬೈದೇ ನಿನ್ನನ್ನು ಹಾಳುಮಾಡಿದ್ದು. ಆದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮುಚ್ಚಿಹೋದ ಆ ರಿಸಾರ್ಟಿನ ಒಣಗಿದ ಕೊಳದಲ್ಲಿ ಒಂಬತ್ತು ಹೆಬ್ಬಾತುಗಳು ಕೆಸರು ನೆಕ್ಕುತ್ತಿದ್ದಾಗ ನಾನೂ ಡೈಸಿಯೂ ಟೆಂಪೋ ಮಾಡಿ ಮನೆಗೆ ತಂದದ್ದು ನಿನಗೆ ತಮಾಷೆ. ನಗು, ಪರವಾಗಿಲ್ಲ. ಆದರೆ ನಮ್ಮ ಬೇಲಿಯ ಹತ್ತಿರ ಕಾಗೆಯೊಂದು ಸತ್ತು ಬಿದ್ದು, ಎದುರುಮನೆಯ ಪೌಲ್ ದೂರು ಕೊಟ್ಟು, ಪಶುವೈದ್ಯೆ ನಿರೀಕ್ಷಾ ಮೇಡಂ ಬಂದ ದಿನ ನೀನು ಇಲ್ಲೇ ಇದ್ದೆ. ಒಂದೊಂದರ ಕಾಲಿಗೂ ನಂಬರಿನ ನೀಲಿ ರಿಂಗ್ ಹಾಕಿ, ಗಂಟಲಲ್ಲೂ ಬಾಲದಡಿಯಲ್ಲೂ ಹತ್ತಿಯ ಕಡ್ಡಿ ಆಡಿಸಿ ಸ್ಯಾಂಪಲ್ ತೆಗೆದರು. ಆರನೇ ನಂಬರನ್ನು, ನನ್ನ ಕುಂಟಿಯನ್ನು, ರೆಕ್ಕೆ ಒತ್ತಿ ಹಿಡಿದುಕೊಂಡವನು ನೀನೇ. ಹಕ್ಕಿಜ್ವರ ಒಂದಕ್ಕೆ ಇದ್ದರೂ ಅಷ್ಟನ್ನೂ ಕೊಲ್ಲಬೇಕಾಗುತ್ತದೆ, ರಿಪೋರ್ಟ್ ಬರುವ ತನಕ ಒಂದೂ ಕಂಪೌಂಡು ದಾಟಬಾರದು ಎಂದು ಅವರು ಹೇಳಿದ್ದು ನಿನ್ನ ಕಿವಿಗೂ ಬಿದ್ದಿತ್ತು.

ಭಾನುವಾರ ನಾನು ಇಗರ್ಜಿಯ ಪೂಜೆ ಮುಗಿಸಿ ಬರುವಾಗ ಕುಂಟಿ ಇಲ್ಲ. "ಗೇಟ್ ತೆರೆದಿತ್ತು ಅಕ್ಕಾ, ಹೊಳೆಯ ಕಡೆ ಹೋಗಿರಬೇಕು" ಎಂದೆ ನೀನು. ಅದರ ಪಾದದಡಿಯ ಕುರುವಿಗೆ ದಿನಕ್ಕೆ ಎರಡು ಸಲ ಉಪ್ಪುನೀರು, ಮುಲಾಮು, ಬಟ್ಟೆಯ ಪಟ್ಟಿ ಕಟ್ಟಿದವಳು ನಾನು. ಅಂಗಳ ದಾಟಲು ಆಗದ ಹಕ್ಕಿ ಹೊಳೆಗೆ ಹೋಯಿತೆಂದರೆ ನಂಬಿದೆನಲ್ಲ, ನನಗೆ ನಾಚಿಕೆಯಾಗುತ್ತದೆ. ನೀನೂ ನನ್ನ ಜೊತೆ ಕೂಳೂರು ಸೇತುವೆಯ ತನಕ ಬಂದು "ಬಾ ಬಾ" ಎಂದು ಕರೆದೆ! ಅಷ್ಟರಲ್ಲಿ ಅದು ನಿನ್ನ ಐಸ್ ಪೆಟ್ಟಿಗೆಯಲ್ಲಿ ಇತ್ತು. ಮರುದಿನ ನೀನು ವಿಮಾನ ಹತ್ತಿದೆ.

ಸೋಮವಾರ ಮೇಡಂ ಮತ್ತೆ ಬಂದು ಎಣಿಸಿದರು. "ಟೀಚರ್, ಒಂದು ಎಲ್ಲಿ ಉಂಟು?" ಎಂದು ಕೇಳಿದಾಗ ನೀನು ಹೇಳಿದ ಹೊಳೆಯ ಕಥೆಯನ್ನೇ ಹೇಳಿದೆ. ಪೌಲ್ ಗೇಟಿನಲ್ಲಿ ನಿಂತು, "ಸತ್ತದ್ದನ್ನು ಹೂತು ಈಗ ಎಂತ ನಾಟಕ ಮಾರಾಯ್ರೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ನನ್ನ ಅಂಗಳವನ್ನು ಮೂರು ಕಡೆ ಅಗೆಸಿದರು, ಜೆರೋಮ್. ಹಕ್ಕಿ ಎಲ್ಲಿ ಹೋಯಿತೆಂದು ತಿಳಿಯದಿದ್ದರೆ ಸತ್ತಿದೆ ಎಂದೇ ಬರೆಯಬೇಕಾಗುತ್ತದೆ, ಆಗ ಉಳಿದ ಎಂಟಕ್ಕೂ ಅಪಾಯ ಎಂದರು ಮೇಡಂ. ಮರುದಿನ ಒಗೆಯುವ ಕಲ್ಲಿನ ಹಿಂದೆ ಕತ್ತರಿಸಿದ ನೀಲಿ ರಿಂಗ್ ಸಿಕ್ಕಿತು. ಅದೇ ದಿನ ನಿನ್ನ ಹೆಂಡತಿ ಆಂಡ್ರಿಯಾಳ ಸ್ಟೇಟಸ್ಸಿನಲ್ಲಿ ಹುರಿದ ತೊಡೆ, ಕೆಳಗೆ "ಗಂಡ ತಂದ ಊರಿನ ಬಾತು". ರಿಂಗಿನ ಫೋಟೋ ನಿನಗೆ ಕಳಿಸಿದೆ, ನೀನು ಬ್ಲಾಕ್ ಮಾಡಿದೆ. ನಿನ್ನಂಥ ಇನ್ನೊಬ್ಬ ಹೇಡಿಯನ್ನು ನಾನು ನೋಡಿಲ್ಲ.

ಉಳಿದ ಎಂಟರ ಜೀವ ನಿನ್ನ ಒಂದು ಮಾತಿನಲ್ಲಿದೆ. ಹಕ್ಕಿ ಸತ್ತದ್ದಲ್ಲ, ನಾನೇ ಕೊಯ್ದದ್ದು ಎಂದು ಸ್ವಂತ ಕೈಯಿಂದ ಬರೆದು, ಸಹಿ ಹಾಕಿ ಮೇಡಮ್ಮಿಗೆ ಕಳಿಸು. ಅಲ್ಲಿಯವರೆಗೆ ಈ ಮನೆಗೆ ಕಾಲಿಡಬೇಡ.

ಕೊನೆಯಲ್ಲಿ ಆಶೀರ್ವಾದ ಬರೆಯಬೇಕು. ದೇವರು ನಿನಗೆ ಬುದ್ಧಿ ಕೊಡಲಿ, ಬೇರೆ ಏನನ್ನೂ ನಾನು ಕೇಳುವುದಿಲ್ಲ.

ನಿನ್ನ ಅಕ್ಕ,
ಕ್ರಿಸ್ಟಿನ್

ಮತ್ತೆ ಸೇರಿಸಿದ್ದು: ಕವರು ಅಂಟಿಸುವಾಗಲೇ ಮೇಡಂ ಫೋನ್ ಮಾಡಿದರು. ಒಂಬತ್ತರಲ್ಲಿ ಯಾವುದಕ್ಕೂ ಹಕ್ಕಿಜ್ವರ ಇಲ್ಲ. ಎಂಟೂ ಉಳಿದವು. ಆದರೆ ಆರನೇ ನಂಬರಿನಲ್ಲಿ ಸಾಲ್ಮೊನೆಲ್ಲಾ ಉಂಟಂತೆ, ಮುಟ್ಟಿದವರಿಗೂ ತಿಂದವರಿಗೂ ಹತ್ತುವ ರೋಗಾಣು. ಕೂಡಲೇ ಆಂಡ್ರಿಯಾಗೆ ಹೇಳಿದೆ, ಫ್ರೀಜರಿನಲ್ಲಿ ಉಳಿದದ್ದನ್ನು ಎಸೆದಳು. ಹೋದಂದಿನಿಂದ ನಿನಗೆ ಭೇದಿ, ಜ್ವರವಂತೆ. ತಪ್ಪನ್ನು ವಿಮಾನದ ಊಟದ ಮೇಲೆ ಹಾಕುತ್ತಿದ್ದೀಯಂತೆ. ಇವತ್ತೇ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಲು ಹೇಳಿದ್ದೇನೆ, ಎಂತ ತಿಂದೆ ಎಂದು ಅವರು ಕೇಳಿದರೆ ಅವರಿಗಾದರೂ ನಿಜ ಹೇಳು. ಮೊದಲ ಸಾಲಿನಲ್ಲಿ ರೂಢಿಗೆ ಕೇಳಿದ್ದು. ಈಗ ಕೇಳುವುದಕ್ಕೆ ಉತ್ತರ ಬೇಕು. ಹೇಗಿದ್ದೀ?