ಕೊಂಡಮ್ಮ ಮುಚ್ಚದ ಬಾಗಿಲು

ಕೋಲಾರ
17-11-1938

ಪ್ರೀತಿಯ ತಂಗಿ ಕೊಂಡಮ್ಮನಿಗೆ, ನಿನ್ನ ಅಕ್ಕ ಮುನಿಗಂಗಮ್ಮ ಮಾಡುವ ಆಶೀರ್ವಾದಗಳು.

ಒಂಬತ್ತು ವರ್ಷದ ಮೇಲೆ ಕಾಗದ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸು ಎಂದರೆ ನೀನು ನಗುತ್ತೀಯ. ನಗು. ಮಂಡಿನೋವು ಬಿಟ್ಟರೆ ನಾನು ಸೌಖ್ಯ. ನಮ್ಮ ತಾಯಲೂರಿನ ಕೆರೆ ತುಂಬಿತೆಂದು ಸಂತೆಯಲ್ಲಿ ಕೇಳಿ ಸಂತೋಷವಾಯಿತು. ಈ ಕಾಗದವನ್ನು ಗುರುವಪ್ಪ ಮೇಷ್ಟರ ಕೈಲಿ ಓದಿಸು. ಒಳಗೆ ಕೂತು ಅಲ್ಲ, ಜಗಲಿಯ ಮೇಲೆ, ನಾಲ್ಕು ಜನರ ಮುಂದೆ. ನಿನ್ನ ಹೆಸರನ್ನು ನಾನು ಕೆಡಿಸಿದ್ದೂ ನಾಲ್ಕು ಜನರ ಮುಂದೆಯೇ.

ನಾನು ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತಳಾಗಿ, ರೂತಮ್ಮನೆಂದು ಹೆಸರಿಟ್ಟುಕೊಂಡು, ಹಳ್ಳಿಹಳ್ಳಿ ತಿರುಗಿ ಹೆಂಗಸರಿಗೆ ಬೈಬಲ್ ಓದಿ ಹೇಳುವ ಕೆಲಸ ಹಿಡಿದದ್ದು ನಿನಗೆ ಗೊತ್ತು. ನಮ್ಮಲ್ಲಿ ಸಾಕ್ಷಿ ಹೇಳುವುದು ಎಂದು ಒಂದು ಪದ್ಧತಿ ಇದೆ. ದೇವರು ನಮ್ಮನ್ನು ಹೇಗೆ ನಡೆಸಿದನೆಂದು ಸಭೆಯಲ್ಲಿ ಎದ್ದು ನಿಂತು ಹೇಳಬೇಕು. ನನ್ನ ಸಾಕ್ಷಿಗೆ ಬಹಳ ಹೆಸರು. ಅಮ್ಮ ಸಾಯುವಾಗ ತಂಗಿ ಹೇಳಿಕಳಿಸಲಿಲ್ಲ, ನಾನೇ ಹೋದರೆ ಬಾಗಿಲು ಹಾಕಿಕೊಂಡಳು, ಕ್ರಿಸ್ತನಿಗಾಗಿ ಅದನ್ನೂ ಸಹಿಸಿದೆ ಎಂದು ಹೇಳುತ್ತಿದ್ದೆ. ಮಾಲೂರು, ಶ್ರೀನಿವಾಸಪುರ, ಎಲ್ಲ ಕಡೆಯಿಂದಲೂ ಕರೆ ಬರುತ್ತಿತ್ತು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ನೀನು ಬಾಗಿಲು ಹಾಕಲಿಲ್ಲ. ಅಮ್ಮನಿಗೆ ಕೊನೆಗಾಲ ಬಂತೆಂದು ಹೇಳಲು ನೀನೇ ಗಾಡಿ ಚನ್ನರಾಯಪ್ಪನನ್ನು ಅಷ್ಟು ದೂರ ನನ್ನ ಹತ್ತಿರ ಕಳಿಸಿದ್ದೆ. ನಾಳೆ ಬರುತ್ತೇನೆ ಎಂದು ಅವನಿಗೆ ಹೇಳಿ ನಾನೇ ಬರಲಿಲ್ಲ. ಅಮ್ಮ ಹೋದ ಮೇಲೆ ಪಾದ್ರಿಗಳ ಹೆಂಡತಿ, ಮನೆಯವರು ಒಳಗೆ ಸೇರಿಸಲಿಲ್ಲವೇ ಎಂದು ಮರುಗಿ ಕೇಳಿದರು. ಅಳುತ್ತಾ ತಲೆಯಾಡಿಸಿದೆ. ಆಮೇಲೆ ಒಂಬತ್ತು ವರ್ಷ ಆಡಿಸುತ್ತಲೇ ಇದ್ದೆ.

ಹೋದ ತಿಂಗಳು ಶ್ರೀನಿವಾಸಪುರದ ಆಂಜಿನಮ್ಮ, ಅಲ್ಲಿಯ ಸಭೆಗೆ ಹೊಸದಾಗಿ ಸೇರಿದವಳು, ನನ್ನನ್ನು ಹುಡುಕಿಕೊಂಡು ಬಂದಳು. ಅವಳ ಅಪ್ಪ ಹಾಸಿಗೆ ಹಿಡಿದಿದ್ದನಂತೆ.

"ಅಪ್ಪ ಕರೆಸ್ದ ಅಕ್ಕ. ನಿಮ್ಗೆ ಆದಂಗೇ ನಂಗೂ ಬಾಗ್ಲು ಹಾಕ್ತಾರೆ ಅಂತ ಹೋಗ್ಲಿಲ್ಲ. ನಿಮ್ಮಂಗೇ ತಡ್ಕೊಂಡೆ," ಎಂದಳು.

ಅಷ್ಟರಲ್ಲಿ ಅಪ್ಪನ ಮಣ್ಣೂ ಆಗಿಹೋಗಿತ್ತು. ಅವಳು ನನ್ನಿಂದ ಶಭಾಷ್ ಎನ್ನಿಸಿಕೊಳ್ಳಲು ಬಂದಿದ್ದಳು.

ಅಂದಿನಿಂದ ಪ್ರಾರ್ಥನೆಗೆ ಕೂತರೆ ಒಂದೇ ಆಜ್ಞೆ: ಎದ್ದು ಹೇಳು. ನಾನು ದೇವರ ಜೊತೆ ಚೌಕಾಸಿಗೆ ಇಳಿದೆ. ಉಪವಾಸ ಮಾಡುತ್ತೇನೆ, ಇನ್ನೂ ಹತ್ತು ಹಳ್ಳಿ ತಿರುಗುತ್ತೇನೆ, ಇದೊಂದು ಬಿಟ್ಟುಬಿಡು ಎಂದೆ. ಅವನು ಜಗ್ಗಲಿಲ್ಲ. ಹೋದ ಭಾನುವಾರ ಶ್ರೀನಿವಾಸಪುರಕ್ಕೇ ಹೋಗಿ, ಆಂಜಿನಮ್ಮನ ಎದುರಿಗೇ ಎದ್ದು ನಿಂತು ಹೇಳಿದೆ. ಅವಳು ಎದ್ದು ಹೊರಗೆ ಹೋದಳು. ಅವಳ ಕಾಲು ಹಿಡಿಯುವುದು ಇನ್ನೂ ಬಾಕಿಯಿದೆ. ಇಲ್ಲಿಯ ಹಿರಿಯರು ನನ್ನನ್ನು ಹಳ್ಳಿಯ ಕೆಲಸದಿಂದ ತೆಗೆದು ಹುಡುಗಿಯರ ಹಾಸ್ಟೆಲಿನ ಅಡುಗೆಮನೆಗೆ ಹಾಕಿದ್ದಾರೆ. ಮುದ್ದೆ ತಿರುವುತ್ತಿದ್ದೇನೆ.

ಈಗ ಕೋಲಾರದ ಬೀದಿಯಲ್ಲೆಲ್ಲ ಸ್ವಾತಂತ್ರ್ಯದ ಮಾತು. ಮನೆ ಬಿಟ್ಟು ಬಂದ ದಿನ ನಾನೂ, ಇನ್ನು ಯಾರ ಮಾತನ್ನೂ ಕೇಳಬೇಕಿಲ್ಲ, ಅದೇ ಬಿಡುಗಡೆ ಎಂದುಕೊಂಡಿದ್ದೆ. ಆದರೆ ಸಂತೆಯಲ್ಲಿ ತಾಯಲೂರಿನವರು ಯಾರಾದರೂ ಕಂಡರೆ ಮರೆಯಾಗುತ್ತಿದ್ದೆ. ದೇವರ ಆ ಒಂದು ಮಾತು ಕೇಳಿದ ಮೇಲೆ, ಮೊನ್ನೆ ನಿಮ್ಮೂರಿನ ದೊಡ್ಡಗಂಗಮ್ಮನನ್ನು ನಾನೇ ಕೂಗಿ ಮಾತಾಡಿಸಿದೆ. ಎಷ್ಟು ಹಗುರವಾಯಿತು ಗೊತ್ತೇನೇ.

ಬರುವ ಬುಧವಾರ ಮುಳಬಾಗಿಲಿನವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ನಡೆದು ಬರುತ್ತೇನೆ. ನೀನು ಈಗ ನಿಜವಾಗಿಯೂ ಬಾಗಿಲು ಹಾಕಿಕೊಂಡರೆ, ಅದನ್ನು ಯಾರ ಮುಂದೆಯೂ ಹೇಳುವುದಿಲ್ಲ. ದೇವರು ನಿನ್ನನ್ನೂ ಮಕ್ಕಳನ್ನೂ ದನಕರುಗಳನ್ನೂ ತಣ್ಣಗೆ ಇಟ್ಟಿರಲಿ.

ನಿನ್ನ ಅಕ್ಕ,
ಮುನಿಗಂಗಮ್ಮ

ತಾ.ಕ.: ಮೇಷ್ಟರೇ, ಇದನ್ನೂ ಗಟ್ಟಿಯಾಗಿಯೇ ಓದಿ. ಇಷ್ಟನ್ನು ಸಭೆಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಕೊಂಡಮ್ಮ, ಅಮ್ಮ ನಿನಗೂ ಕೇಳಿಸದ ಹಾಗೆ ಚನ್ನರಾಯಪ್ಪನ ಕಿವಿಯಲ್ಲಿ ಒಂದು ಮಾತು ಹೇಳಿಕಳಿಸಿದ್ದಳು. "ವಾಪಸ್ಸು ಬಾ ಅಂತ ಕರೀತಿಲ್ಲ. ಅವ್ಳ ದೇವ್ರನ್ನ ಕೇಳ್ಕೊಂಡು ಒಂದ್ಸಲ ನನ್ ತಲೆ ಮೇಲೆ ಕೈಯಿಟ್ಟು ಹೋಗ್ಲಿ." ಮಾರನೆಯ ದಿನ ಮಾಲೂರಿನಲ್ಲಿ ನನ್ನ ಮೊದಲ ಸಭೆ ಇತ್ತು. ಅದನ್ನು ಬಿಡಲು ಮನಸ್ಸಾಗಲಿಲ್ಲ. ಅಲ್ಲಿ ಕಾಯಿಲೆ ಬಿದ್ದ ಒಬ್ಬ ಮುದುಕಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಅವಳು ಯಾರ ತಾಯಿಯೋ, ನನಗೆ ಗೊತ್ತಿಲ್ಲ.