ಉಸಿರಿನ ಬಾಯಿಗೆ ವಿಭೂತಿ

ಸಂಶಿ,
೬ ಅಕ್ಟೋಬರ್ ೨೦೨೫

ಚಿರಂಜೀವಿ ಐಶ್ವರ್ಯಾಗೆ,

ಅವ್ವನ ಆಶೀರ್ವಾದ. ಬೇಡವೆಂದರೂ ಇರಲಿ, ತೂಕವೇನಿಲ್ಲ.

ನೀನು ಫೋನು ಎತ್ತುವುದಿಲ್ಲವೆಂದು ಕಾಗದ ಬರೆಯುತ್ತಿಲ್ಲ. ಎತ್ತಿದರೆ ನಾನು ಮಾತಿನಲ್ಲಿ ಗೆದ್ದುಬಿಡುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ. ಹುಬ್ಬಳ್ಳಿಯಿಂದ ನಮಗೆ ಬಿಡಿಭಾಗ ತರುವ ಇನಾಯತ್ ಕಾಕಾನ ಕೈಯಲ್ಲಿ ಕಳಿಸಿದ್ದೇನೆ. ಹರಿಯುವುದಾದರೆ ಓದಿ ಹರಿ.

ಮಂಜಪ್ಪನ ಚೈನ್ ಗರಗಸ ಕೆಟ್ಟಿದ್ದು ನಿನ್ನಿಂದಲ್ಲ, ನನ್ನಿಂದ.

ಎರಡು ವರ್ಷದ ಹಿಂದೆ ಮಹಾನವಮಿಯ ಮರುದಿನ ಅವನು ನಮ್ಮ ರಿಪೇರಿ ಅಂಗಡಿಯಿಂದ ಪೂಜೆ ಮುಗಿಸಿದ ಅದನ್ನು ಒಯ್ದ. ಮೂರನೇ ದಿನಕ್ಕೆ ಅರ್ಧ ಕಡಿದ ಜಾಲಿ ಗಿಡದಲ್ಲೇ ಅದು ಹಿಡಿದುಕೊಂಡು ನಿಂತಿತು. ಪೆಟ್ರೋಲಿಗೆ ಎಣ್ಣೆ ಬೆರೆಸುವುದು ನಿನ್ನ ಕೆಲಸ. ನಾನು ಮಷಿನ್ ಬಿಚ್ಚಿ ನೋಡುವ ಮೊದಲೇ ಗಿರಾಕಿಗಳ ಎದುರು ಒದರಿದೆ. "ಎಣ್ಣಿ ಹಾಕೂದ ಮರತಾಳ ನೋಡ್ರಿ. ಲಕ್ಷ್ಯ ಎಲ್ಲೈತೋ ಏನೋ!"

"ಹಾಕೇನಬೇ ಯವ್ವಾ. ಔಷಧದ ಮುಚ್ಚಳದಾಗ ಅಳದು ಹಾಕೇನಿ," ಅಂದೆ ನೀನು.

"ಹಂಗಾದ್ರ ಮಷಿನ್ ಸುಳ್ಳು ಹೇಳತೈತೇನು?" ಅಂದೆ ನಾನು. ಎಲ್ಲರೂ ನಕ್ಕರು. ನೀನು ಕೈ ಒರೆಸಿಕೊಂಡು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟೆ, ಹುಬ್ಬಳ್ಳಿಯ ಬಸ್ಸು ಹತ್ತಿದೆ. ಈಗ ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೆರಗು ಹಾಸಿ ತೋರಿಸುತ್ತೀಯಂತೆ.

ಈ ಸಲ ಮಹಾನವಮಿಯ ಖಂಡೇಪೂಜೆಗೆ, ಮಷಿನ್ನುಗಳ ಪೂಜೆಗೆ, ದಾನೇಶ್ವರಿ ಬಂದಿದ್ದಳು. ಅವಳ ಸಂಘದ ಹೆಂಗಸರು ಬದುವಿನ ಜಾಲಿ ಕಡಿಯಲು ಹೊಸ ಗರಗಸ ಕೊಂಡಿದ್ದಾರೆ. ನಾನು ವಿಭೂತಿ ತೇಯ್ದು ಮೇಲ್ಮುಚ್ಚಳಕ್ಕಷ್ಟೇ ಹಚ್ಚಿ ಕೈ ತೊಳೆದುಕೊಂಡೆ. ಅವಳು ಬಿಡಬೇಕಲ್ಲ?

"ಅಕ್ಕಾರ, ಒಳಗ ಹಚ್ಚೂದಿಲ್ಲೇನ್ರಿ? ಮೊದಲ ನಮ್ಮ ಔಷಧ ಹೊಡಿಯೂ ಪಂಪಿಗೆ ಹಚ್ಚತಿದ್ರೆಲ್ಲ."

ನನ್ನ ಪದ್ಧತಿ ನಿನಗೆ ಗೊತ್ತೇ ಇದೆ. ಉಳಿದವರು ಮಷಿನ್ನಿನ ಹಣೆಗೆ ಹಚ್ಚಿದರೆ ನಾನು ಗಾಳಿ ಫಿಲ್ಟರ್ ಬಿಚ್ಚಿ ಅದು ಉಸಿರೆಳೆಯುವ ಬಾಯಿಗೇ ಹಚ್ಚುತ್ತಿದ್ದೆ. ಮೂರು ಬೆರಳು ಹಿಡಿಸುವುದಿಲ್ಲವೆಂದು ಕಿರುಬೆರಳಿನಿಂದ ಬಳಿಯುತ್ತಿದ್ದೆ. ನಮ್ಮಲ್ಲಿ ಪೂಜೆ ಮೇಲುಮೇಲಿನದಲ್ಲ ಎಂದು ಜಂಬ ಬೇರೆ.

"ಹಚ್ಚಿದ ಪಂಪ್ ಎಷ್ಟು ದಿನ ನಡೀತು?" ಎಂದು ಕೇಳಿದೆ.

"ಹದಿನೈದ ದಿನಾ. ಆಮ್ಯಾಲೆ ನಿಮ್ಮಲ್ಲೇ ತಂದಿದ್ವೆಲ್ರಿ."

ಅವಳು ಹೋದ ಮೇಲೆ ಹತ್ತು ವರ್ಷದ ರಿಪೇರಿ ವಹಿ ತಿರುವಿದೆ. ಮಹಾನವಮಿಗೆ ನನ್ನ ಕಿರುಬೆರಳು ಮುಟ್ಟಿದ ಮಷಿನ್ನುಗಳೆಲ್ಲ ದೀಪಾವಳಿಯೊಳಗೆ ದಮ್ಮು ಕಟ್ಟಿಕೊಂಡು ತಿರುಗಿ ಬಂದಿವೆ. ಹಸಿ ವಿಭೂತಿ ಒಣಗಿ ಉದುರಿದರೆ ಅದೂ ಧೂಳೇ. ಫಿಲ್ಟರಿನ ಒಳಬದಿಗೆ ಬಿದ್ದ ಧೂಳನ್ನು ತಡೆಯುವವರು ಯಾರು? ಆಮೇಲೆ ಮಂಜಪ್ಪನ ಹಳೇ ಪಿಸ್ಟನ್ ಹುಡುಕಿ ತೆಗೆದೆ. ಎಣ್ಣೆಯಿಲ್ಲದ ಪೆಟ್ರೋಲಿನಲ್ಲಿ ಓಡಿದ್ದರೆ ಸುತ್ತಲೂ ಗೀರು ಬೀಳಬೇಕಿತ್ತು. ಇದರಲ್ಲಿ ಗಾಳಿ ಬರುವ ಬಾಜೂಕಷ್ಟೇ ಇದೆ, ಪಾಲಿಶ್ ಪೇಪರ್ ತಿಕ್ಕಿದ ಹಾಗೆ. ಉಳಿದ ಮೈ ಎಣ್ಣೆ ಕಂಡ ಮೈ. ನೀನು ಅಳೆದು ಹಾಕಿದ್ದು ನಿಜ.

ಮಂಜಪ್ಪನನ್ನು ಕರೆಸಿ, ಅಂಗಡಿ ತುಂಬ ಜನ ಇರುವಾಗಲೇ ಪಿಸ್ಟನ್ ಅವನ ಕೈಗಿಟ್ಟು ಎಲ್ಲ ಹೇಳಿದೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಲ್ಲಬೇ ಅಕ್ಕಾ, ಎರಡು ವರ್ಷ ಆ ಹುಡುಗೀನ ಬೈಕೋಂತ ತಿರಿಗೇನಿ. ಈಗ ಯಾರನ್ನ ಬೈಲಿ, ನಿನ್ನನ್ನೋ ದೇವರನ್ನೋ?"

"ನನ್ನ ಬೈಯಪಾ. ದೇವರೇನು ಫಿಲ್ಟರ್ ಬಿಚ್ಚಿದ್ನೇನು?"

"ಬೈತೇನಿ. ಮೊದಲ ಚಹಾ ತರಸು."

ಚಹಾ ಕುಡಿದು ಅಗದಿ ಮನಸ್ಸು ತುಂಬಿ ಬೈದ. ಬೈಸಿಕೊಳ್ಳುವುದರಲ್ಲಿ ನನಗೆ ರೂಢಿ ಕಡಿಮೆ. ಆದರೂ ಎದ್ದು ಒಳಗೆ ಹೋಗಲಿಲ್ಲ.

ಈಗ ಕೆಲಸದ ಮಾತು. ದಾನೇಶ್ವರಿಯ ಸಂಘಕ್ಕೆ ಮಷಿನ್ ಕೆಡದಂತೆ ಇಟ್ಟುಕೊಳ್ಳುವುದನ್ನು ಕಲಿಸುವವರು ಬೇಕು. ಕಡಲೆ ಬಿತ್ತನೆಗೆ ಮೊದಲು ರೈತರ ಬದು ಸ್ವಚ್ಛ ಮಾಡಿ ಕೊಡುವುದಾಗಿ ಒಪ್ಪಿಕೊಂಡಿದ್ದಾರೆ. ದಿನಾ ಸಂಜೆ ಫಿಲ್ಟರ್ ಝಾಡಿಸುವುದು, ಚೈನಿನ ಹಲ್ಲು ಅರದಿಂದ ಮಸೆಯುವುದು, ಎತ್ತಿಡುವ ಮೊದಲು ಟಾಕಿಯ ಪೆಟ್ರೋಲ್ ಖಾಲಿ ಮಾಡುವುದು ಅವರಿಗೆ ಗೊತ್ತಿಲ್ಲ. ನಾನೇ ಕಲಿಸುತ್ತೇನೆ ಅಂದೆ. ದಾನೇಶ್ವರಿ ಮುಖಕ್ಕೆ ಹೊಡೆದಂತೆ ಹೇಳಿದಳು, "ನೀವು ಬ್ಯಾಡ್ರಿ. ನೀವು ಕಲಿಸೂದ ಕಡಿಮಿ, ಒದರೂದ ಜಾಸ್ತಿ. ಐಶ್ವರ್ಯಾನ ಕರಸ್ರಿ."

ಹದಿನೈದನೇ ತಾರೀಖಿಗೆ ಶುರು ಮಾಡಬೇಕು ಅನ್ನುತ್ತಾರೆ. ಬರುತ್ತೀಯಾ? ಸೀರೆ ಅಂಗಡಿಯೇ ಹಿತವೆಂದರೆ ಒತ್ತಾಯವಿಲ್ಲ. ಆದರೆ ಭಾನುವಾರ ನೀನು ಇನಾಯತ್ ಕಾಕಾನ ಅಂಗಡಿಗೆ ಹೋಗಿ ಬರೀ ಚಹಾದ ಮೇಲೆ ಕೆಟ್ಟ ಪಂಪುಗಳನ್ನು ಬಿಚ್ಚಿಕೊಂಡು ಕೂರುತ್ತೀಯಂತೆ. ಸೆರಗು ಹಾಸುವುದರಲ್ಲಿ ಅಷ್ಟು ಸುಖವಿದ್ದವರು ಹೀಗೆ ಮಾಡುತ್ತಾರೇನು?

ಬಂದರೆ ಅಂಗಡಿಯಲ್ಲಿ ನಾನು ಕೂರುವ ಮುಂದಿನ ಬಾಕು ನಿನ್ನದು. ಗಿರಾಕಿ ಮಷಿನ್ ನಿನ್ನ ಕೈಗೇ ಕೊಡಬೇಕು, ಏನು ಕೆಟ್ಟಿದೆ ಎಂದು ನೀನೇ ಹೇಳಬೇಕು. ನೀನು ಬಿಚ್ಚಿ ನೋಡುವವರೆಗೆ ನಾನು ಬಾಯಿ ಬಿಡುವುದಿಲ್ಲ. ಕಷ್ಟದ ಕರಾರು, ಆದರೂ ಸಹಿ ಹಾಕಿದ್ದೇನೆ.

ನಿನ್ನ ಅವ್ವ,
ಸುಶೀಲವ್ವ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಈ ಸಲದ ಪೂಜೆಯಲ್ಲಿ ಗೊತ್ತಾಯಿತು ಅನ್ನುವ ಹಾಗೆ ಮೇಲೆ ಬರೆದಿದ್ದೇನೆ. ಅದು ಸುಳ್ಳು. ನೀನು ಹೋದ ಎಂಟನೇ ದಿನ ಮಷಿನ್ ಬಿಚ್ಚಿದಾಗಲೇ ಪಿಸ್ಟನ್ ನೋಡಿದ್ದೆ, ನೋಡಿ ಜೋಳದ ಡಬ್ಬಿಯ ತಳಕ್ಕೆ ಹಾಕಿದ್ದೆ. ಹೋದ ವರ್ಷದ ಪೂಜೆಯಲ್ಲೂ ಒಳಗೆ ಹಚ್ಚಲಿಲ್ಲ. ಕೇಳಿದವರಿಗೆ ವಿಭೂತಿ ಗಟ್ಟಿ ಮುಗಿಯಿತು ಅಂದೆ. ಇಷ್ಟು ತಿಳಿದ ಮೇಲೆ ನೀನು ನಿರ್ಧಾರ ಮಾಡು. ಬೈಯುವುದಿದ್ದರೆ ಅಂಗಡಿ ತೆರೆದಿರುವ ಹೊತ್ತಿನಲ್ಲೇ ಬಾ. ಜನ ಕೇಳಲಿ.